ಬೀಗದ ಕೈ ಯಾರಲ್ಲಿರಬೇಕು? ಕಾಡುಪ್ರಾಣಿ ಪುನರ್ವಸತಿ ಕೇಂದ್ರ ನಡೆಸುವವರ ಬಗ್ಗೆ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಭಾಗದ ಎಂಟು ಮಂದಿ. ಮೂವರಿಗೆ ಕೇರಳ ಅರಣ್ಯ ಇಲಾಖೆಯಿಂದ ಹಾವು ಹಿಡಿಯುವ ತರಬೇತಿಯೂ ಪರವಾನಗಿಯೂ ಸಿಕ್ಕಿದೆ. ಈಗೀಗ ಹಾವಿಗಷ್ಟೇ ಕರೆ ಬರುವುದಲ್ಲ. ರೆಕ್ಕೆ ಮುರಿದ ಗರುಡ, ಗೂಡಿನಿಂದ ಬಿದ್ದ ಗೂಬೆಮರಿ, ಹಂಚಿನ ಮಾಡಿನಲ್ಲಿ ಸಿಕ್ಕಿದ ಪುನುಗುಮರಿಗಳಿಗೂ ಬರುತ್ತದೆ. ಊರಿನ ಹಿರಿಯ ಕೃಷಿಕರೊಬ್ಬರು ತೋಟದ ಬದಿಯ 60 ಸೆಂಟ್ಸ್ ಜಾಗ ಕೊಡುತ್ತೇನೆ ಎಂದಿದ್ದಾರೆ. ಲಾಭದ ಉದ್ದೇಶವಿಲ್ಲದ ಒಂದು ಪುನರ್ವಸತಿ ಕೇಂದ್ರ ಕಟ್ಟಬೇಕೆಂಬ ಆಸೆ. ಜಾಗ ಕೊಡುವವರು ಅಧ್ಯಕ್ಷರು, ನಮ್ಮಲ್ಲಿ ಹೆಚ್ಚು ಅನುಭವವಿರುವ ಹಾವು ಹಿಡಿಯುವವನು ಕಾರ್ಯದರ್ಶಿ, ಪರಿಚಯದ ಪಶುವೈದ್ಯರು ಖಜಾಂಚಿ. ಹೀಗೆ ಮಾಡಿದರೆ ಸಾಕೇ? ಇಂಥ ಕೇಂದ್ರ ಮುನ್ನಡೆಸಲು ಯಾರ್ಯಾರು ಬೇಕು?

ಉತ್ತರ: ನೀವು ಹೆಸರಿಸಿದ ಮೂವರೂ ಕೇಂದ್ರಕ್ಕೆ ಬೇಕಾದವರೇ. ಆದರೆ ಮೂವರನ್ನೂ ತಪ್ಪಾದ ಕುರ್ಚಿಯಲ್ಲಿ ಕೂರಿಸಲು ಹೊರಟಿದ್ದೀರಿ. ಹೀಗೆ ಶುರುವಾದ ಕೇಂದ್ರ ಮೊದಲ ವರ್ಷ ಚೆನ್ನಾಗಿಯೇ ನಡೆಯುತ್ತದೆ, ಎಲ್ಲರಲ್ಲೂ ಹುರುಪು ಇರುತ್ತದೆ. ಎರಡನೆಯ ಮಳೆಗಾಲದಲ್ಲಿ ಒಂದೇ ವಾರ ಮೂವತ್ತು ಮರಿಗಳು ಬಂದು, ಔಷಧಿ ಅಂಗಡಿಯ ಬಾಕಿ ಬೆಳೆದು, ಒಂದು ನವಿಲು ಸತ್ತ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಗ ಯಾರು ಉತ್ತರ ಕೊಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಪಂಜರದ ನಕ್ಷೆ ಬರೆಯುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಬೀಗಗಳ ಹೆಸರು ಬರೆಯಿರಿ: ಹಣದ್ದು, ಔಷಧಿ ಕಪಾಟಿನದ್ದು, ಪ್ರಾಣಿಗಳ ಕೋಣೆಯದ್ದು, ಕಡತದ ಕಪಾಟಿನದ್ದು. ನಾಲ್ಕರಲ್ಲಿ ಯಾವ ಎರಡನ್ನೂ ಒಬ್ಬನೇ ತೆರೆಯುವಂತಿರಬಾರದು. ಮುಂದೆ ಹೇಳುವುದೆಲ್ಲ ಈ ಮಾತಿನ ವಿಸ್ತರಣೆಯೇ.

ಅದಕ್ಕೂ ಮೊದಲು ಕಾನೂನಿನ ಮಾತು, ಏಕೆಂದರೆ ಮುಂದಾಳುಗಳು ಯಾರಿರಬೇಕೆಂಬುದನ್ನು ಅರ್ಧ ಅದೇ ತೀರ್ಮಾನಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಕಾಡುಪ್ರಾಣಿ ಸರಕಾರದ ಸೊತ್ತು. ಯಾರ ಕೈಗೆ ಸಿಕ್ಕಿದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರವುಳ್ಳ ಅರಣ್ಯಾಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ಹಾವು ಹಿಡಿಯುವ ಪರವಾನಗಿ ಎಂದರೆ ಹಾವನ್ನು ಹಿಡಿದು ಸುರಕ್ಷಿತ ಜಾಗದಲ್ಲಿ ಬಿಡುವುದಕ್ಕೆ ಇರುವ ಅನುಮತಿ. ಅದನ್ನು ಹಿಡಿದುಕೊಂಡು ಗರುಡವನ್ನು ಎರಡು ತಿಂಗಳು ಮನೆಯಲ್ಲಿಟ್ಟು ಆರೈಕೆ ಮಾಡಲು ಬರುವುದಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ‘ಮೃಗಾಲಯ’ ಎಂಬ ಪದದ ವ್ಯಾಖ್ಯೆಯೊಳಗೆ ಜನರಿಗೆ ಪ್ರಾಣಿ ತೋರಿಸದ ರಕ್ಷಣಾ ಕೇಂದ್ರಗಳೂ ಸ್ಪಷ್ಟವಾಗಿ ಸೇರಿವೆ. ಹಾಗಾಗಿ ಪ್ರಾಣಿಗಳನ್ನು ಕಾಯಂ ಆಗಿ ಇಟ್ಟುಕೊಳ್ಳುವ ಕೇಂದ್ರಕ್ಕೆ ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಮಾನ್ಯತೆಯ ಪ್ರಶ್ನೆ ಎದುರಾಗುತ್ತದೆ. ಎಂಟು ಮಂದಿಯ ಹೊಸ ಸಂಘಕ್ಕೆ ಅದು ಮೊದಲ ಮೆಟ್ಟಿಲಾಗಬಾರದು. ಚಿಕಿತ್ಸೆ ಕೊಟ್ಟು ಬಿಡುವ ಅಥವಾ ದೊಡ್ಡ ಕೇಂದ್ರಕ್ಕೆ ದಾಟಿಸುವ ಸಣ್ಣ ಘಟಕವಾಗಿ, ಅರಣ್ಯ ಇಲಾಖೆಯ ಜತೆ ಬರಹದ ಒಪ್ಪಂದ ಮಾಡಿಕೊಂಡು, ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಪಡೆದು ಶುರು ಮಾಡಿ.

ನಮ್ಮ ದೇಶದಲ್ಲಿ ಬಾಳಿದ ಕೇಂದ್ರಗಳೂ ಹೀಗೇ ನಡೆದಿವೆ. ಕಾಜಿರಂಗದ ಬಳಿಯ ಬೋರ್ಜುರಿಯಲ್ಲಿ 2002ರಿಂದ ನಡೆಯುತ್ತಿರುವ ಕೇಂದ್ರದ ಹಿಂದೆ ಅಸ್ಸಾಂ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಒಟ್ಟಾಗಿ ನಿಂತಿವೆ. ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರದಲ್ಲಿ ಕರ್ನಾಟಕ ಅರಣ್ಯ ಇಲಾಖೆಯ ಜತೆ ವೈಲ್ಡ್‌ಲೈಫ್ ಎಸ್‌ಒಎಸ್ ಇದೆ. ಎರಡರಲ್ಲೂ ಸಂಸ್ಥೆಯ ಮುಖ್ಯಸ್ಥರಿಗೆ ಇಲಾಖೆಯ ಜತೆ ದಿನನಿತ್ಯದ ವ್ಯವಹಾರ ಇದ್ದೇ ಇರುತ್ತದೆ. ನಿಮ್ಮ ಕಾರ್ಯದರ್ಶಿಗೂ ಇರುತ್ತದೆ. ಆತ ರಾತ್ರಿ ಎರಡು ಗಂಟೆಗೆ ಹೆಬ್ಬಾವು ಹಿಡಿದು ಬಂದವನಾದರೆ ಬೆಳಿಗ್ಗೆ ಹತ್ತಕ್ಕೆ ರೇಂಜ್ ಆಫೀಸಿನಲ್ಲಿ ಕೂತು ಪತ್ರ ಬರೆಸುವುದು ಹೇಗೆ?

ಆದ್ದರಿಂದ ಕಾರ್ಯದರ್ಶಿಯ ಕುರ್ಚಿಗೆ ಕಾಗದಪತ್ರದಲ್ಲಿ ಬೇಸರವಿಲ್ಲದವರು ಬೇಕು. ನಿವೃತ್ತ ಶಾಲಾ ಮುಖ್ಯೋಪಾಧ್ಯಾಯರು, ಸಹಕಾರಿ ಬ್ಯಾಂಕಿನಲ್ಲಿ ಇದ್ದವರು, ಪಂಚಾಯತ್ ಕಚೇರಿಯಲ್ಲಿ ಕೆಲಸ ಮಾಡಿದವರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತಾರೆ. ಪ್ರಾಣಿ ಮುಟ್ಟಲು ಬಾರದಿದ್ದರೂ ನಡೆಯುತ್ತದೆ. ಮಲಯಾಳ ಓದಿ ಬರೆಯಲು ಮಾತ್ರ ಚೆನ್ನಾಗಿ ಬರಬೇಕು. ಕಾಸರಗೋಡಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾಗಿ ಕನ್ನಡದಲ್ಲಿ ಅರ್ಜಿ ಕೊಡಬಹುದು, ಕೊಡಲೂ ಬೇಕು. ಆದರೆ ಇಲಾಖೆಯ ಸುತ್ತೋಲೆ, ಆದೇಶದ ಪ್ರತಿ ಬರುವುದು ಮಲಯಾಳದಲ್ಲಿ. ಅದರಲ್ಲಿರುವ ಒಂದು ಷರತ್ತು ಓದದೆ ಬಿಟ್ಟರೆ ಅನುಮತಿಯೇ ರದ್ದಾಗಬಹುದು.

ಭಾಷೆಯ ಮಾತು ಬಂದದ್ದರಿಂದ ಇಲ್ಲೇ ಒಂದು ಸಂಗತಿ. ನಿಮ್ಮಲ್ಲಿಗೆ ಬರುವ ಫೋನುಗಳು ಕನ್ನಡ, ತುಳು, ಮಲಯಾಳ, ಬ್ಯಾರಿ, ಹವ್ಯಕ ಎಲ್ಲದರಲ್ಲೂ ಬರುತ್ತವೆ. ಮಲಯಾಳದವರು ‘ಮರಪಟ್ಟಿ’ ಎಂದರೆ ಅದು ಕಬ್ಬೆಕ್ಕು. ಪಟ್ಟಿ ಎಂದರೆ ನಾಯಿ ಎಂದಷ್ಟೇ ಗೊತ್ತಿರುವ ಹುಡುಗ ಫೋನೆತ್ತಿದರೆ ನಾಯಿಗೆ ಬೇಕಾದ ಗೂಡು ಹಿಡಿದುಕೊಂಡು ಹೊರಡುತ್ತಾನೆ. ತುಳುವಿನ ಪೆರ್ಮರಿ, ಮಲಯಾಳದ ಪೆರುಂಬಾಂಬು, ಕನ್ನಡದ ಹೆಬ್ಬಾವು ಮೂರೂ ಒಂದೇ. ಫೋನಿನ ಪಕ್ಕದ ಗೋಡೆಗೆ ಇಂಥ ನಲವತ್ತು ಹೆಸರುಗಳ ಪಟ್ಟಿ ಅಂಟಿಸಿ, ಕೊನೆಯ ಕಾಲಮಿನಲ್ಲಿ ವೈಜ್ಞಾನಿಕ ಹೆಸರು ಬರೆಯಿರಿ. ದಾಖಲೆ ಪುಸ್ತಕಕ್ಕೆ ಹೋಗಬೇಕಾದದ್ದು ಆ ಕೊನೆಯ ಹೆಸರು.

ಇನ್ನು ಜಾಗ ಕೊಡುವವರು. ಅವರ ಔದಾರ್ಯಕ್ಕೆ ಅಧ್ಯಕ್ಷ ಪದವಿ ಸರಿಯಾದ ಗೌರವವಲ್ಲ. ಕಾಗದ ಭದ್ರವಾಗಿ ಮಾಡಿಕೊಳ್ಳುವುದೇ ಗೌರವ. ಜಾಗದ ಯಜಮಾನರೇ ಅಧ್ಯಕ್ಷರಾದರೆ ಸಂಸ್ಥೆಯೂ ಜಾಗವೂ ಒಬ್ಬರದೇ ಎಂಬ ಭಾವನೆ ಬೆಳೆಯುತ್ತದೆ. ಅವರು ಎದ್ದುಹೋದ ದಿನ, ಅಥವಾ ಅವರ ಕಾಲಾನಂತರ ಮಕ್ಕಳು ಜಾಗ ಪಾಲು ಮಾಡಲು ಬಂದ ದಿನ, ಪಂಜರಗಳೊಂದಿಗೆ ರಸ್ತೆಗೆ ಬರಬೇಕಾಗುತ್ತದೆ. ಬಾಯಿಮಾತು ಬೇಡ, ಹಾಳೆಯ ಮೇಲಿನ ಸಹಿಯೂ ಸಾಲದು. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದರೆ ಮಾತ್ರ ನಿಲ್ಲುತ್ತದೆ. 30 ವರ್ಷಕ್ಕೆ ಸಂಸ್ಥೆಯ ಹೆಸರಿನಲ್ಲಿ ಮಾಡಿಸಿ, ಇಲ್ಲವೇ ದಾನಪತ್ರ ಕೇಳಿ. ಸಹಿ ಹಾಕುವ ಮೊದಲು ವಿಲೇಜ್ ಆಫೀಸಿನಲ್ಲಿ ಆ 60 ಸೆಂಟ್ಸ್ ‘ನಿಲ’ (ಗದ್ದೆ) ಎಂದು ದಾಖಲಾಗಿದೆಯೇ ನೋಡಿ. ತೋಟದ ಬದಿಯ ತಗ್ಗು ಜಾಗಗಳು ಹಿಂದೆ ಗದ್ದೆಯಾಗಿದ್ದರೆ ಹಾಗೆಯೇ ಉಳಿದಿರುತ್ತವೆ. 2008ರ ಭತ್ತದ ಗದ್ದೆ ಮತ್ತು ತೇವಪ್ರದೇಶ ಸಂರಕ್ಷಣಾ ಕಾಯ್ದೆಯ ಡೇಟಾ ಬ್ಯಾಂಕಿನಲ್ಲಿ ಸೇರಿದ್ದರೆ ಅಲ್ಲಿ ಕಟ್ಟಡ ಎಬ್ಬಿಸುವುದು ಸುಲಭದ ಮಾತಲ್ಲ. ಆ ಹಿರಿಯರನ್ನು ಗೌರವ ಸಲಹೆಗಾರರಾಗಿ ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ಎಲ್ಲ ಲೆಕ್ಕ ತೋರಿಸಿ.

ಅಧ್ಯಕ್ಷರಾಗಿ ಬೇಕಾದವರು ಬೇರೆ ಥರದವರು: ಸಭೆಯಲ್ಲಿ ಕಡಿಮೆ ಮಾತಾಡುವವರು, ‘ಆಗುವುದಿಲ್ಲ’ ಎಂದು ಹೇಳಲು ಹೆದರದವರು, ಕೇಂದ್ರದಿಂದ ಏನನ್ನೂ ಪಡೆಯದವರು. ಶಾಲೆಯ ಮಕ್ಕಳಿಗೆ ಹೆಬ್ಬಾವು ತೋರಿಸಿ ಎಂದು ಶಾಲೆಯವರು, ನವಿಲಿನ ಜತೆ ಫೋಟೋ ಬೇಕು ಎಂದು ದೇಣಿಗೆ ಕೊಟ್ಟವರು, ಸಾಕಿದ ಗಿಳಿಯನ್ನು ಇಟ್ಟುಕೊಳ್ಳಿ ಎಂದು ನೆಂಟರು ಬರುತ್ತಾರೆ. ಮೂವರಿಗೂ ಒಂದೇ ಉತ್ತರ, ಮೃದುವಾಗಿ ಕೊಡಬೇಕು. ಜನರಿಗೆ ಪ್ರಾಣಿ ತೋರಿಸುವ ಕೇಂದ್ರ ಕಾನೂನಿನ ಕಣ್ಣಿಗೆ ಪ್ರದರ್ಶನ ಮಾಡುವ ಮೃಗಾಲಯ. ಪ್ರಾಣಿಯ ಕಡೆಯಿಂದ ನೋಡಿದರೂ ದಿನಕ್ಕೆ ಹತ್ತು ಮನುಷ್ಯರ ಮುಖ ನೋಡಿ ಬೆಳೆದ ಗೂಬೆಮರಿ ಮನುಷ್ಯನನ್ನೇ ತನ್ನ ಜಾತಿ ಎಂದುಕೊಳ್ಳುತ್ತದೆ. ಬಿಟ್ಟ ಮೇಲೆ ಹಸಿವಾದಾಗ ಯಾರದೋ ಅಂಗಳಕ್ಕೆ ಇಳಿಯುತ್ತದೆ, ಅಲ್ಲಿ ಕಲ್ಲೇಟು ತಿನ್ನುತ್ತದೆ.

ನೋಂದಣಿ ವಿಷಯ ಬೇಗ ಮುಗಿಸಬಹುದು. ಕಾಸರಗೋಡು ಹಿಂದೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿದ್ದರಿಂದ ಇಲ್ಲಿ 1860ರ ಸಂಘಗಳ ನೋಂದಣಿ ಕಾಯ್ದೆ ಅನ್ವಯವಾಗುತ್ತದೆ, ಕನಿಷ್ಠ 7 ಸದಸ್ಯರು ಬೇಕು. ಆಡಳಿತ ಮಂಡಳಿಗೆ 7 ಅಥವಾ 9 ಜನ ಸಾಕು. ಅವಧಿ 3 ವರ್ಷ ಇಟ್ಟು, ಪ್ರತಿ ವರ್ಷ ಮೂರನೇ ಒಂದು ಭಾಗ ಬದಲಾಗುವಂತೆ ನಿಯಮಾವಳಿ ಬರೆಯಿರಿ. ಇಲ್ಲವಾದರೆ ಮೂರನೇ ವರ್ಷ ಎಲ್ಲರೂ ಒಟ್ಟಿಗೆ ಇಳಿದು ಅನುಭವವೆಲ್ಲ ಮನೆಗೆ ಹೋಗುತ್ತದೆ. ಒಂದೇ ಮನೆಯ ಇಬ್ಬರು ಬೇಡ. ವಾರ್ಷಿಕ ಮಹಾಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಉತ್ಸಾಹಿ ಸಂಘಗಳು ಹೆಚ್ಚಾಗಿ ಮರೆಯುವುದು ಇದನ್ನೇ. ನಾಲ್ಕು ವರ್ಷ ಮರೆತ ಮೇಲೆ ಅನುದಾನಕ್ಕೆ ಅರ್ಜಿ ಹಾಕುವಾಗ ಸಂಘ ಜೀವಂತವಿದೆ ಎಂದು ತೋರಿಸಲು ಪರದಾಡಬೇಕಾಗುತ್ತದೆ.

ಖಜಾಂಚಿಯ ಜಾಗದಲ್ಲಿ ಪಶುವೈದ್ಯರು ಏಕೆ ಬೇಡ? ಔಷಧಿ ಬೇಕೆಂದು ಬರೆಯುವವರು, ಅದನ್ನು ಕೊಳ್ಳುವವರು, ಬಿಲ್ಲಿಗೆ ಸಹಿ ಹಾಕುವವರು ಮೂರೂ ಒಬ್ಬರೇ ಆಗುತ್ತಾರೆ. ವೈದ್ಯರು ಎಷ್ಟೇ ಪ್ರಾಮಾಣಿಕರಾದರೂ ಯಾರಾದರೂ ಒಂದು ಮಾತು ಎತ್ತಿದ ದಿನ ಅವರ ಬಳಿ ಪುರಾವೆ ಇರುವುದಿಲ್ಲ. ಅವರನ್ನು ಆ ಮುಜುಗರದಿಂದ ಉಳಿಸುವುದು ಸಂಸ್ಥೆಯ ಕರ್ತವ್ಯ. ಚೆಕ್ಕಿಗೆ ಎರಡು ಸಹಿ ಇರಲಿ, ಕಾರ್ಯದರ್ಶಿಯದೂ ಖಜಾಂಚಿಯದೂ. ಕೇಂದ್ರದಲ್ಲಿ ದಿನದ ಖರ್ಚಿಗೆಂದು 5,000 ರೂಪಾಯಿಯ ಸಣ್ಣ ನಿಧಿ, ಅದರಿಂದ ಮೀನು, ಹಣ್ಣು, ಪೆಟ್ರೋಲು. ಖಾಲಿಯಾಗುತ್ತ ಬಂದಾಗ ಬಿಲ್ಲು ಕೊಟ್ಟು ಮತ್ತೆ ತುಂಬಿಸಿಕೊಳ್ಳುವುದು. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ. ಬ್ಯಾಂಕಿನ ಮೂಲಕ ಕೊಡಿ ಎಂದು ಮೊದಲೇ ಹೇಳಿ. ಗಲ್ಫಿನಲ್ಲಿರುವ ಊರಿನವರು ಹಣ ಕಳಿಸುತ್ತೇವೆ ಎನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಕಂಪನಿಯಿಂದಲೋ ವಿದೇಶಿ ಪೌರತ್ವ ಪಡೆದವರಿಂದಲೋ ಬಂದರೆ ಅದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ, ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ಒಂದು ರೂಪಾಯಿ ಮುಟ್ಟುವ ಹಾಗಿಲ್ಲ. ಖಜಾಂಚಿ ತಿಳಿದಿರಬೇಕಾದ ಗೆರೆ ಇದು.

ಪಶುವೈದ್ಯರ ಸ್ಥಾನ ನಿಜವಾಗಿ ಇದಕ್ಕಿಂತ ದೊಡ್ಡದು, ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಚಿಕಿತ್ಸೆಯ ತೀರ್ಮಾನದಲ್ಲಿ ಅವರ ಮಾತೇ ಕೊನೆಯದು ಎಂದು ನಿಯಮಾವಳಿಯಲ್ಲೇ ಇರಬೇಕು. ಅಧ್ಯಕ್ಷರಾಗಲಿ ದಾನಿಗಳಾಗಲಿ ಅದನ್ನು ತಿದ್ದುವಂತಿರಬಾರದು. ಅರಿವಳಿಕೆಗೆ ಬಳಸುವ ಕೆಟಮಿನ್ ಮಾದಕ ವಸ್ತುಗಳ ಕಾಯ್ದೆಯ ಮನೋಪರಿಣಾಮಿ ವಸ್ತುಗಳ ಪಟ್ಟಿಯಲ್ಲಿದೆ. ಆ ಕಪಾಟಿಗೆ ಎರಡು ಬೀಗ, ಒಂದರ ಕೈ ವೈದ್ಯರಲ್ಲಿ, ಇನ್ನೊಂದರದು ಕಾರ್ಯದರ್ಶಿಯಲ್ಲಿ. ಸಣ್ಣ ಪುಸ್ತಕದಲ್ಲಿ ತಾರೀಕು, ಪ್ರಾಣಿಯ ಸಂಖ್ಯೆ, ಎಷ್ಟು ಮಿಲಿ ತೆಗೆದದ್ದು, ಬಾಟಲಿಯಲ್ಲಿ ಎಷ್ಟು ಉಳಿದದ್ದು, ಇಬ್ಬರ ಸಹಿ. ಅರ್ಧ ಮಿಲಿ ಚೆಲ್ಲಿದರೂ ಚೆಲ್ಲಿತು ಎಂದೇ ಬರೆಯಬೇಕು.

ಕಠಿಣವಾದ ಕೆಲಸ ದಯಾಮರಣದ್ದು. ಒಂದು ಗರುಡ ಬಂದಿದೆ ಎಂದುಕೊಳ್ಳಿ. ರೆಕ್ಕೆಯ ಮೊಣಕೈ ಗಂಟಿನಲ್ಲೇ ಮುರಿತ, ಎಲುಬಿನ ತುದಿ ಚರ್ಮ ಹರಿದು ಹೊರಬಂದು ಒಣಗಿ ಕಂದುಬಣ್ಣಕ್ಕೆ ತಿರುಗಿದೆ, ಸುತ್ತ ನೊಣದ ಮೊಟ್ಟೆ. ಗಂಟಿನ ಮುರಿತ ಕೂಡಿದರೂ ಗಂಟು ಮಡಚದೆ ಬಿಗಿದು ನಿಲ್ಲುತ್ತದೆ, ರೆಕ್ಕೆ ಪೂರ್ತಿ ಬಿಚ್ಚುವುದಿಲ್ಲ. ಹಾರಲಾರದ ಗರುಡಕ್ಕೆ ಕಾಡಿಲ್ಲ, ಪಂಜರದ ಜೀವನ ಅದಕ್ಕೆ ಹಿಂಸೆ. ಅದನ್ನು ತಂದ ಹುಡುಗ ಅಳುತ್ತಿರುತ್ತಾನೆ, ಗರುಡ ದೇವರ ವಾಹನ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಎಂಟು ಮಂದಿ ಕೂತು ಕೈಯೆತ್ತಿ ತೀರ್ಮಾನ ಮಾಡಲಾಗದು. ಯಾವ ಗಾಯಕ್ಕೆ ಚಿಕಿತ್ಸೆ ಮುಂದುವರಿಸುವುದಿಲ್ಲ ಎಂಬುದನ್ನು ಮೊದಲೇ, ಯಾವ ಪ್ರಾಣಿಯೂ ಎದುರಿಗಿಲ್ಲದ ಶಾಂತ ಸಮಯದಲ್ಲಿ, ವೈದ್ಯರು ಒಂದು ಪುಟದಲ್ಲಿ ಬರೆದು ಮಂಡಳಿ ಒಪ್ಪಿರಬೇಕು: ಬೆನ್ನುಮೂಳೆ ತುಂಡಾಗಿ ಹಿಂಭಾಗ ಸತ್ತದ್ದು, ಎರಡೂ ಕಣ್ಣು ಹೋದದ್ದು, ಒಣಗಿದ ಎಲುಬಿನ ಗಂಟುಮುರಿತ, ಹೀಗೆ.

ಮೇಲಿಂದ ಕಾನೂನು ಬೇರೆ ಇದೆ. ವನ್ಯಜೀವಿ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಶೆಡ್ಯೂಲಿನ ಪ್ರಾಣಿ ಚೇತರಿಸಿಕೊಳ್ಳಲಾರದಷ್ಟು ಗಾಯಗೊಂಡಿದ್ದರೂ 11ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆದೇಶ ಬೇಕು. ಹೆಬ್ಬಾವು, ನವಿಲು, ಉಡ ಎಲ್ಲ ಆ ಶೆಡ್ಯೂಲಿನಲ್ಲೇ ಇವೆ. ಕಾರ್ಯದರ್ಶಿ ಮೊದಲೇ ಡಿಎಫ್‌ಒ (ವಿಭಾಗೀಯ ಅರಣ್ಯಾಧಿಕಾರಿ) ಕಚೇರಿಯೊಂದಿಗೆ ಕೂತು, ಯಾರಿಗೆ ಫೋನು, ಯಾವ ನಮೂನೆಯ ಪತ್ರ, ವೈದ್ಯರ ವರದಿಯಲ್ಲಿ ಏನಿರಬೇಕು, ಯಾವ ಫೋಟೋ ಎಂಬುದನ್ನು ಗೊತ್ತುಮಾಡಿಕೊಳ್ಳದಿದ್ದರೆ, ಸೊಂಟ ಮುರಿದ ಹೆಬ್ಬಾವು ಮೂರು ದಿನ ಪೆಟ್ಟಿಗೆಯಲ್ಲಿ ನರಳುತ್ತ ಪತ್ರಕ್ಕಾಗಿ ಕಾಯುತ್ತದೆ. ಆ ಮೂರು ದಿನದ ನೋವಿಗೆ ಹೊಣೆ ಕೇಂದ್ರದ ಮುಂದಾಳುಗಳದ್ದೇ.

ನಿಮ್ಮ ಅನುಭವಿ ಹಾವು ಹಿಡಿಯುವವನಿಗೆ ರಕ್ಷಣಾ ವಿಭಾಗದ ಮುಖ್ಯಸ್ಥನ ಸ್ಥಾನ ಕೊಡಿ. ಅದೇ ಅವನ ನಿಜವಾದ ಜಾಗ. ಫೋನಿನ ಸರದಿ, ವಾಹನ, ಚೀಲ, ಕೊಕ್ಕೆ, ಬಲೆ, ಗಟ್ಟಿ ಚರ್ಮದ ಕೈಗವಸು, ಗಾಳಿ ತೂತಿನ ರಟ್ಟಿನ ಪೆಟ್ಟಿಗೆ ಇವು ಅವನ ಜವಾಬ್ದಾರಿ. ಹಾವು ಕಂಡವರು ತಿಳಿಸಲೆಂದು ಇಲಾಖೆ ಮಾಡಿರುವ ಸರ್ಪ ಆ್ಯಪಿನಲ್ಲಿ ಬರುವ ಕರೆಗಳನ್ನು ಹಂಚುವುದೂ ಅವನದೇ. ಗಡಿಯಾಚೆಯ ಕರೆಗಳ ಬಗ್ಗೆ ಅವನಿಗೆ ಖಡಾಖಂಡಿತ ನಿಯಮ ಇರಬೇಕು. ಸಾರಡ್ಕ ದಾಟಿದರೆ, ತಲಪಾಡಿ ದಾಟಿದರೆ ಕರ್ನಾಟಕ. ವಿಟ್ಲದಲ್ಲೋ ಸುಳ್ಯದಲ್ಲೋ ಸಿಕ್ಕಿದ ಪ್ರಾಣಿ ಆ ರಾಜ್ಯದ ಇಲಾಖೆಗೆ ಸೇರಿದ್ದು. ನೆಂಟರ ಕಾರಿನಲ್ಲಿ ಬದಿಯಡ್ಕಕ್ಕೆ ತಂದರೆ ಅನುಮತಿಯಿಲ್ಲದ ಸಾಗಾಟವಾಗುತ್ತದೆ. ಅಲ್ಲಿನವರಿಗೆ ಅಲ್ಲಿನ ರೇಂಜ್ ಕಚೇರಿಯ ದಾರಿ ಹೇಳಿ. ಬಿಡುವಾಗಲೂ ಅಷ್ಟೇ, ಹಿಡಿದ ಜಾಗದ ಆಸುಪಾಸಿನಲ್ಲೇ ಬಿಡಬೇಕು. ದೂರದ ಕಾಡು ಚೆನ್ನಾಗಿದೆ ಎಂದು ರಾಣಿಪುರಕ್ಕೆ ಕೊಂಡುಹೋಗಿ ಬಿಟ್ಟ ಹಾವಿಗೆ ಅಲ್ಲಿ ಬಿಲ ಗೊತ್ತಿಲ್ಲ, ನೀರು ಗೊತ್ತಿಲ್ಲ. ಅಲೆದಾಡಿ ರಸ್ತೆಗೆ ಬರುತ್ತದೆ.

ರಕ್ಷಣೆಯ ತೀರ್ಮಾನ ಹಿಡಿಯುವವನೊಬ್ಬನದೇ ಆಗಿರಬೇಕಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. 2022ರಲ್ಲಿ ಕಾಸರಗೋಡು ಸಮೀಪ ರಾಷ್ಟ್ರೀಯ ಹೆದ್ದಾರಿ ಅಗಲೀಕರಣದ ವೇಳೆ ಬಿಲದಲ್ಲಿ ಹೆಬ್ಬಾವು ಮೊಟ್ಟೆಗೆ ಕಾವು ಕೊಡುತ್ತಿದ್ದುದು ಕಂಡಿತು. ಗುತ್ತಿಗೆ ಹಿಡಿದಿದ್ದ ಊರಾಳುಂಗಲ್ ಕಾರ್ಮಿಕರ ಸಹಕಾರಿ ಸಂಘ ಆ ಜಾಗದ ಕೆಲಸವನ್ನು 54 ದಿನ ನಿಲ್ಲಿಸಿತು, 24 ಮೊಟ್ಟೆಗಳು ಉಳಿದವು. ಹಾವು ಹಿಡಿಯುವವರು, ಅರಣ್ಯ ಇಲಾಖೆ, ಹಾವಿನ ಬಗ್ಗೆ ಅಧ್ಯಯನ ಮಾಡಿದವರು, ಗುತ್ತಿಗೆದಾರರು ಎಲ್ಲರೂ ಒಂದೇ ಮಾತಿಗೆ ಬಂದದ್ದರಿಂದ ಅದು ಆಯಿತು. ಹಾವು ಹಿಡಿಯುವವನಿಗೆ ಗೊತ್ತಿದ್ದದ್ದು ತಾಯಿ ಹಾವು ಹೇಗೆ ವರ್ತಿಸುತ್ತದೆ ಎಂಬುದು. ಕೆಲಸ ನಿಲ್ಲಿಸುವ ಅಧಿಕಾರ ಬೇರೆಯವರಲ್ಲಿತ್ತು. ನಿಮ್ಮ ಮಂಡಳಿಗೂ ಆ ಎರಡು ಬಗೆಯ ಜನರ ನಡುವೆ ಮಾತು ಕುದುರಿಸುವ ಒಬ್ಬರು ಬೇಕು.

ಈಗ ನಿಮ್ಮ ಪ್ರಶ್ನೆಯಲ್ಲಿ ಇಲ್ಲದೇ ಹೋದ ಮನುಷ್ಯ: ಪ್ರಾಣಿಗಳ ಕೋಣೆಯ ಮೇಲ್ವಿಚಾರಕ. ಕೇಂದ್ರದ ಬೆನ್ನೆಲುಬು ಇವರೇ, ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದ ಮೊದಲ ಹುದ್ದೆಯೂ ಇದೇ. ಲಾಭವಿಲ್ಲದ ಸಂಸ್ಥೆ ಎಂದರೆ ದುಡಿದವರಿಗೆ ಕೂಲಿ ಇಲ್ಲ ಎಂದಲ್ಲ. ಲೆಕ್ಕ ಹಾಕಿ ನೋಡಿ: ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ 14 ಗಂಟೆ, ವಾರಕ್ಕೆ 98 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಇಬ್ಬರಿಂದ 96 ಗಂಟೆ, ಇನ್ನೂ ಎರಡು ಗಂಟೆ ಕಡಿಮೆಯೇ, ಅದೂ ಯಾರಿಗೂ ಜ್ವರ ಬಾರದಿದ್ದರೆ. ಸ್ವಯಂಸೇವಕರು ಭಾನುವಾರ ಹತ್ತು ಜನ ಬರುತ್ತಾರೆ, ಮಂಗಳವಾರ ಬೆಳಿಗ್ಗೆ ಒಬ್ಬರೂ ಇರುವುದಿಲ್ಲ.

ಎಷ್ಟು ಪ್ರಾಣಿ ಸೇರಿಸಿಕೊಳ್ಳಬಹುದು ಎಂಬ ತೀರ್ಮಾನ ಈ ಗಂಟೆಗಳ ಲೆಕ್ಕದಿಂದಲೇ ಹುಟ್ಟಬೇಕು. ಕಣ್ಣು ತೆರೆಯದ ಪಿಕಳಾರ, ಮೈನಾದಂಥ ಹಕ್ಕಿಮರಿಗೆ ಹಗಲಿಡೀ ಅರ್ಧ ಗಂಟೆಗೊಮ್ಮೆ ತುತ್ತು ಬೇಕು. ಒಂದು ಮರಿಗೆ ತಿನ್ನಿಸಿ, ಹಿಕ್ಕೆ ತೆಗೆದು, ಕಾಗದ ಬದಲಿಸಲು ಎರಡೂವರೆ ನಿಮಿಷ. ಹತ್ತು ಮರಿಗೆ 25 ನಿಮಿಷ. ಐದು ನಿಮಿಷ ಕೈತೊಳೆದು ನೀರು ಕುಡಿಯುವಷ್ಟರಲ್ಲಿ ಮತ್ತೆ ಮೊದಲನೆಯ ಮರಿ ಬಾಯಿ ತೆರೆದಿರುತ್ತದೆ. ಹಾಗಾದರೆ ಒಬ್ಬರಿಗೆ ಹತ್ತೇ ಮರಿ, ಅದೂ ಬೇರೇನೂ ಮಾಡದಿದ್ದರೆ. ಹನ್ನೊಂದನೆಯದನ್ನು ಸೇರಿಸಿಕೊಂಡರೆ ಹನ್ನೊಂದಕ್ಕೂ ಅರೆಹೊಟ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ಗೂಡಿನ ಕಾಲ, ಜೂನಿನಲ್ಲಿ ಮೊದಲ ಗಾಳಿಮಳೆಗೆ ಮರ ಬೀಳುವ ಕಾಲ. ಆಗ ಮೇಲ್ವಿಚಾರಕರು ‘ಇಂದಿಗೆ ತುಂಬಿತು’ ಎಂದರೆ ಅದನ್ನು ಅಧ್ಯಕ್ಷರೂ ಮೀರುವಂತಿರಬಾರದು. ಆ ಮಾತು ಹೇಳುವ ಅಧಿಕಾರವನ್ನೂ, ಬಂದ ಮರಿಯನ್ನು ಮತ್ತೆ ಎಲ್ಲಿಗೆ ದಾಟಿಸಬೇಕೆಂಬ ವಿಳಾಸವನ್ನೂ ಒಟ್ಟಿಗೇ ಕೊಡಿ.

ಮೇಲ್ವಿಚಾರಕರ ದಿನ ಒಂದು ತಕ್ಕಡಿಯಿಂದ ಶುರುವಾಗುತ್ತದೆ. ತಿನ್ನಿಸುವ ಮೊದಲು, ಪ್ರತಿದಿನ ಅದೇ ಹೊತ್ತಿಗೆ, ಗ್ರಾಂ ಲೆಕ್ಕದಲ್ಲಿ ತೂಕ. ಸೇರಿದ ದಿನದ ತೂಕಕ್ಕಿಂತ ನೂರಕ್ಕೆ ಹತ್ತು ಇಳಿದರೆ ಅಂದೇ ವೈದ್ಯರಿಗೆ ಫೋನು. ಗೋಡೆಯ ಬಿಳಿ ಹಲಗೆಯಲ್ಲಿ ಪ್ರಾಣಿಯ ಸಂಖ್ಯೆ, ತೂಕ, ತಿಂದದ್ದು, ಹಿಕ್ಕೆ, ಔಷಧಿ, ಮಾಡಿದವರ ಹೆಸರು. ಆರೋಗ್ಯದ ಪ್ರಾಣಿಯಿಂದ ಶುರುಮಾಡಿ ರೋಗದ ಪ್ರಾಣಿಯಲ್ಲಿ ಮುಗಿಸಬೇಕು, ತಿರುಗಿ ಬರಬಾರದು. ಹೊಸದಾಗಿ ಬಂದವಕ್ಕೆ ಬೇರೆ ಕೋಣೆ, ಬೇರೆ ಹಿಡಿಸೂಡಿ, ಬೇರೆ ಬಕೆಟ್, ಬೇರೆ ಚಪ್ಪಲಿ. ಬಂದ ಮೊದಲ ಗಂಟೆ ಯಾರೂ ಪೆಟ್ಟಿಗೆ ತೆರೆದು ನೋಡುವಂತಿಲ್ಲ, ತಿನ್ನಿಸುವಂತಿಲ್ಲ. ಹಕ್ಕಿಯ ಮೈ ಸಹಜವಾಗಿ 40 ಡಿಗ್ರಿಯ ಆಸುಪಾಸು ಇರುತ್ತದೆ; ಕೈಗೆ ತಣ್ಣಗೆ ಹತ್ತಿತೆಂದರೆ ಅದು ಸಾವಿನ ಅಂಚಿನಲ್ಲಿದೆ. ಮೊದಲು ಬಿಸಿ, ಆಮೇಲೆ ನೀರಿನಂಶ, ಕೊನೆಗೆ ಆಹಾರ. ಈ ಕ್ರಮ ತಪ್ಪಿ ತಣ್ಣಗಿನ ಮರಿಗೆ ಅನ್ನ ಹಾಲು ಕೊಟ್ಟರೆ ಕರುಳು ಅಲುಗದೆ ಒಳಗೇ ಹುಳಿಯುತ್ತದೆ. ಪ್ರೀತಿಯಿಂದ ಕೊಟ್ಟ ಹಾಲಿಗೇ ಸತ್ತ ಮರಿಗಳು ಎಷ್ಟೋ.

ಮಂಡಳಿಯವರು ಪಂಜರದ ಬಳಿ ಹೋಗುವ ಅಗತ್ಯವಿಲ್ಲ, ದಾಖಲೆ ಪುಸ್ತಕ ಓದಿದರೆ ಸಾಕು. ಆದರೆ ಓದುವ ರೀತಿ ತಿಳಿದಿರಬೇಕು. ‘ಬಂದದ್ದು 40, ಬಿಟ್ಟದ್ದು 18’ ಎಂಬ ಒಂದು ಸಾಲು ಏನನ್ನೂ ಹೇಳುವುದಿಲ್ಲ. ಸತ್ತವುಗಳನ್ನು ಎರಡಾಗಿ ಒಡೆಯಿರಿ: ಬಂದ 24 ಗಂಟೆಯೊಳಗೆ ಸತ್ತವು, ಅದರ ನಂತರ ಸತ್ತವು. ಮೊದಲನೆಯದು ಜಾಸ್ತಿಯಾದರೆ ತಪ್ಪು ರಕ್ಷಣೆಯಲ್ಲಿ, ಸಾಗಾಟದಲ್ಲಿ, ಅಥವಾ ಕರೆ ತಡವಾಗಿ ಬರುತ್ತಿರುವುದರಲ್ಲಿ. ಎರಡನೆಯದು ಜಾಸ್ತಿಯಾದರೆ ತಪ್ಪು ಕೇಂದ್ರದೊಳಗೇ ಇದೆ. ಆಹಾರ, ಶುಚಿತ್ವ, ಜನರ ಕೊರತೆ. ದಯಾಮರಣ, ಬೇರೆ ಕಡೆಗೆ ದಾಟಿಸಿದ್ದು ಇವಕ್ಕೆ ಬೇರೆ ಕಾಲಮ್. ಮೊದಲ ವರ್ಷ ತಿಂಗಳಿಗೊಮ್ಮೆ ಈ ಪುಟವನ್ನು ಮಂಡಳಿ ಎದುರಿಟ್ಟು, ಒಂದೊಂದು ಸಾವಿಗೂ ಕಾರಣ ಕೇಳಿ. ಯಾರನ್ನೂ ದೂಷಿಸದೆ ಕೇಳುವ ಅಭ್ಯಾಸ ಅಧ್ಯಕ್ಷರದ್ದಾಗಿರಬೇಕು. ಬೈಗುಳ ಬೀಳುತ್ತದೆಂದು ಗೊತ್ತಾದ ದಿನದಿಂದ ಪುಸ್ತಕದಲ್ಲಿ ಸಾವುಗಳು ಕಾಣೆಯಾಗುತ್ತವೆ.

ಜನರ ಜೀವದ ಮಾತು ಮಂಡಳಿಯ ಮೊದಲ ಸಭೆಯಲ್ಲೇ ತೀರ್ಮಾನವಾಗಬೇಕು. ಸಸ್ತನಿ ಮುಟ್ಟುವ ಎಲ್ಲರಿಗೂ ರೇಬೀಸ್ ಮುಂಜಾಗ್ರತಾ ಲಸಿಕೆ: ಮೊದಲ ದಿನ, 7ನೇ ದಿನ, 21 ಅಥವಾ 28ನೇ ದಿನ. ಹೀಗೆ ಹಾಕಿಸಿಕೊಂಡವರಿಗೂ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು, ಆ ದಿನ ಮತ್ತು 3ನೇ ದಿನ ಮತ್ತೆ ಚುಚ್ಚುಮದ್ದು. ಹಾಕಿಸಿಕೊಳ್ಳದವರು, ಅಧ್ಯಕ್ಷರ ಮಗನೇ ಆದರೂ, ಪ್ರಾಣಿಗಳ ಕೋಣೆಗೆ ಬರುವಂತಿಲ್ಲ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದುದು ನಮಗೆಲ್ಲ ನೆನಪಿದೆ. ಹಣ್ಣುತಿನ್ನುವ ಬಾವಲಿಗಳನ್ನು ಹೊಸ ಕೇಂದ್ರ ಸೇರಿಸಿಕೊಳ್ಳಲೇಬಾರದು ಎಂಬುದು ಸ್ಪಷ್ಟ ಅಭಿಪ್ರಾಯ. ಮರುಕ ಎಷ್ಟೇ ಇದ್ದರೂ ತರಬೇತಿ, ರಕ್ಷಣಾ ಉಡುಪು ಇಲ್ಲದೆ ಬೇಡ. ಸತ್ತ ಮಂಗ ಸಿಕ್ಕಿದರೆ ಮುಟ್ಟದೆ ಇಲಾಖೆಗೂ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಮಂಗನಕಾಯಿಲೆಯ ಉಣುಗು ಸತ್ತ ಪ್ರಾಣಿಯಿಂದ ಇಳಿದು ಹತ್ತಿರ ನಿಂತವರನ್ನೇ ಹುಡುಕುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಇಂಥ ಕೇಂದ್ರಗಳು ಹೆಚ್ಚಾಗಿ ಒಬ್ಬರ ಹೆಗಲ ಮೇಲೆ ನಿಂತಿರುತ್ತವೆ. ಆತ ಒಂದು ವರ್ಷದಿಂದ ರಜೆ ತೆಗೆದಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ಅದು ಹೊಗಳುವ ವಿಷಯವಲ್ಲ. ಸಾಲಾಗಿ ಸಾವು ನೋಡಿದವರ ಮನಸ್ಸು ಮರಗಟ್ಟುತ್ತದೆ, ಸಿಡುಕು ಬರುತ್ತದೆ, ಔಷಧಿಯ ಪ್ರಮಾಣ ಬರೆಯುವಾಗ ಚುಕ್ಕೆ ತಪ್ಪುತ್ತದೆ. ರಾತ್ರಿಯ ಫೋನು ವಾರಕ್ಕೆ ಒಬ್ಬರಿಗೆ ಎರಡೇ ದಿನ. ವಾರಕ್ಕೊಂದು ಪೂರ್ತಿ ರಜೆ, ಅಂದು ಕೇಂದ್ರದಿಂದ ಫೋನು ಮಾಡಬಾರದು. ಪ್ರತಿ ಹುದ್ದೆಗೂ ಕೆಲಸ ಕಲಿಯುತ್ತಿರುವ ಇನ್ನೊಬ್ಬರು ಇರಲಿ, ವರ್ಷಕ್ಕೆ ಹದಿನೈದು ದಿನ ಅವರೇ ಪೂರ್ತಿ ನಡೆಸಲಿ. ಎಲ್ಲಿ ಏನು ತೊಡಕಿದೆ ಎಂದು ಆ ಹದಿನೈದು ದಿನದಲ್ಲಿ ತಿಳಿಯುತ್ತದೆ.

ನಿಮ್ಮ ಎಂಟು ಮಂದಿಯಲ್ಲಿ ಈಗ ಕೊರತೆ ಇರುವುದು ಮೂವರದ್ದು: ಮಲಯಾಳ ಬಲ್ಲ ಕಡತದ ಮನುಷ್ಯ, ಲೆಕ್ಕದ ಮನುಷ್ಯ, ಸಂಬಳದ ಮೇಲ್ವಿಚಾರಕ. ಈ ಮೂವರು ಸಿಗುವವರೆಗೆ ಜಾಗದ ಕೆಲಸ ಮುಂದೂಡಿ. ಹಿಡಿದ ಪ್ರಾಣಿಯನ್ನು ಇಲಾಖೆಗೆ ಒಪ್ಪಿಸುವ ಈಗಿನ ಕೆಲಸವನ್ನೇ ಚೆನ್ನಾಗಿ ಮಾಡುತ್ತಿರಿ, ಅದರ ದಾಖಲೆ ಬರೆಯಲು ಇಂದೇ ಶುರುಮಾಡಿ. ಒಂದು ವರ್ಷದ ಪುಸ್ತಕ ಕೈಯಲ್ಲಿ ಹಿಡಿದು ಡಿಎಫ್‌ಒ ಕಚೇರಿಗೆ ಹೋದರೆ, ಎಷ್ಟು ಗೂಬೆ, ಎಷ್ಟು ಪುನುಗು, ಯಾವ ತಿಂಗಳು, ಯಾವ ಪಂಚಾಯತ್ ಎಂದು ಬೆರಳಿಟ್ಟು ತೋರಿಸಬಹುದು. ಎಷ್ಟು ಪಂಜರ, ಎಷ್ಟು ಜನ, ತಿಂಗಳಿಗೆ ಎಷ್ಟು ಹಣ ಬೇಕು ಎಂಬ ಲೆಕ್ಕವೂ ಅದರಿಂದಲೇ ಬರುತ್ತದೆ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಜಮೆಯಾದ ಮೇಲೆ ಮೊದಲ ಪ್ರಾಣಿಯನ್ನು ಒಳಗೆ ತನ್ನಿ.